ಕಾಂತೇಶ ಮಾಸ್ತರನ ಹೌದು-ಅಲ್ಲ ಪಾಠ

ಆ ಭಾನುವಾರ ಬೆಳಿಗ್ಗೆ ಮಹಾರಾಷ್ಟ್ರದ ಗಡಿಯೂರು ಕರಜಗಿಯ ಕನ್ನಡ ಶಾಲೆಯ ಮಕ್ಕಳೆಲ್ಲ ಟ್ರ್ಯಾಕ್ಟರಿನ ಟ್ರಾಲಿ ಹತ್ತಿ ಭಂಡಾರಕವಠೆಗೆ ಮದುವೆಯೂಟಕ್ಕೆ ಹೊರಟುಹೋದರು. ಹೋಗುವವರು ಸುಮ್ಮನೆ ಹೋಗಲಿಲ್ಲ. ಪೀಪಿ ಊದುತ್ತ, ಕೇಕೆ ಹಾಕುತ್ತ, ತಮ್ಮ ಕಾಂತೇಶ ಮಾಸ್ತರನ ಮನೆಯ ಮುಂದಿನಿಂದಲೇ ಹೋದರು. ಮಾಸ್ತರ ಆಗ ಬಚ್ಚಲಲ್ಲಿ ತಲೆಗೆ ಸೋಪು ಹಚ್ಚಿಕೊಂಡು, ಅದೇ ಮಕ್ಕಳಿಗೆ ಹನ್ನೊಂದು ಗಂಟೆಗೆ ಮಾಡಬೇಕಿದ್ದ ಪಾಠವನ್ನು ಗುನುಗುತ್ತಿದ್ದ.

"ಯವ್ವಾ, ಏನದು ಗದ್ಲಾ?" ಎಂದು ಬಚ್ಚಲಿನಿಂದಲೇ ಕೂಗಿದ.

"ಏನಿಲ್ಲೋ. ನಿನ್ನ ಸಾಲಿ ಹುಡುಗ್ರು ಲಗ್ನಕ್ಕ ಹೊಂಟಾವ," ಎಂದಳು ತಾಯಿ ಗುರಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ಯಾವ ಹುಡುಗ್ರು?"

"ಎಲ್ಲಾ ಹುಡುಗ್ರು."

ಕಾಂತೇಶ ಟವೆಲ್ಲು ಸುತ್ತಿಕೊಂಡು ಬೀದಿಗೆ ಓಡಿಬಂದ. ಒಂದು ಕಣ್ಣಲ್ಲಿ ಸೋಪು, ಇನ್ನೊಂದರಲ್ಲಿ ಟ್ರ್ಯಾಕ್ಟರಿನ ಧೂಳು. ಎದುರು ಮನೆಯ ತುಳಜಾಬಾಯಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಊರಿನ ಯಾವ ಸುದ್ದಿಯೂ ಅವಳ ಮೊರದಲ್ಲಿ ಒಮ್ಮೆ ಹಾರದೆ ಮುಂದೆ ಹೋಗುತ್ತಿರಲಿಲ್ಲ.

"ತುಳಜಾಬಾಯಿ, ಹುಡುಗ್ರನ್ನ ಯಾರು ಕಳಿಸಿದ್ರು? ಇವತ್ತ ನಂದು ಪರೀಕ್ಷಾ ಅದ!"

"ಯಾರ ಕಳಸ್ತಾರೋ ನಮ್ಮಪ್ಪಾ, ನೀನ ಕಳಿಸೀದಿ. ಮೊನ್ನಿ ಹೆಣ್ಣಿನ ಮಾವ ಬಂದು, ಹುಡುಗ್ರನ್ನ ಕರ್ಕೊಂಡು ಹೋಗ್ಲೇನ್ರಿ ಮಾಸ್ತರ ಅಂದಾಗ ನೀ ಏನಂದಿ?"

ಕಾಂತೇಶ ನೆನಪು ಮಾಡಿಕೊಂಡ. ಅವನು ಅಂದದ್ದು, "ನೋಡೂಣ್ರಿ."

"ಬ್ಯಾಡ ಅಂದಿಲ್ಲ ಹೌದಿಲ್ಲೋ? ಬ್ಯಾಡ ಅನ್ನಲಿಲ್ಲ ಅಂದ್ರ ಹೂಂ ಅಂದಂಗ ಆತು. ಹೋಗು, ಮೊದಲ ತಲಿ ತೊಳಕೊ. ಹಿಂಗ ನಿಂತ್ರ ಮಂದಿ ನಗ್ತಾರ."

ಈ 'ನೋಡೂಣ್ರಿ'ಯೇ ಕಾಂತೇಶನ ರೋಗ. ಮೂವತ್ತು ದಾಟಿದ ಈ ಮನುಷ್ಯ ಹುಟ್ಟಿದಾಗಿನಿಂದ ಯಾರಿಗೂ ನೆಟ್ಟಗೆ ಹೌದು ಎಂದವನಲ್ಲ, ಇಲ್ಲ ಎಂದವನೂ ಅಲ್ಲ. ಇನ್ನೊಂದು ರೊಟ್ಟಿ ಹಾಕಲೇನು ಎಂದರೆ ನೋಡೂಣು. ಬಸ್ಸಿನಲ್ಲಿ ಕಂಡಕ್ಟರ್ ಅಕ್ಕಲಕೋಟವೋ ಸೋಲಾಪುರವೋ ಎಂದರೂ ಒಂದು ಗಳಿಗೆ ನೋಡೂಣು. ಯಾರ ಮನಸ್ಸನ್ನೂ ನೋಯಿಸಬಾರದು ಎಂಬ ಒಳ್ಳೆಯತನ ಅದು ಎಂದು ಅವನು ತಿಳಿದಿದ್ದ. ಹೆದರುಪುಕ್ಕಲತನ ಎಂದು ಉಳಿದವರು ತಿಳಿದಿದ್ದರು.

ಹೀಗಿದ್ದವನು ಎರಡು ವರ್ಷದ ಹಿಂದೆ ಒಂದು ಆನ್‌ಲೈನ್ ಸ್ನಾತಕೋತ್ತರ ಕೋರ್ಸಿಗೆ ಸೇರಿದ. ಶಿಕ್ಷಕರಿಗಾಗಿಯೇ ಇದ್ದ ಕೋರ್ಸು. 'ಬೋಧನೆ ಮತ್ತು ಕಲಿಕೆಯ ಮಾದರಿಗಳು' ಎಂದು ಹೆಸರು. ಸಂಜೆ ಮಾಳಿಗೆ ಹತ್ತಿ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ನೀರಿನ ಟಾಕಿಗೆ ಬೆನ್ನು ಹಚ್ಚಿ ಕೂತು ಪಾಠ ಕೇಳುತ್ತಿದ್ದ. ಪ್ರಮಾಣಪತ್ರ ಕೈಗೆ ಬಂದರೆ ಸೋಲಾಪುರದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕೆಲಸ ಸಿಗುವಂತಿತ್ತು. ಬೇಕೆಂದರೆ ಕರಜಗಿಯಲ್ಲೇ ಮುಖ್ಯಾಧ್ಯಾಪಕನೂ ಆಗಬಹುದಿತ್ತು. ಈ ಎರಡು ದಾರಿಗಳೇ ಅವನ ಕುತ್ತಿಗೆಗೆ ಬಂದದ್ದು.

ಯಾಕೆಂದರೆ ಹೆಂಡತಿ ದೀಪಾಲಿ ಇದ್ದದ್ದು ಸೋಲಾಪುರದ ನವಿ ಪೇಠದಲ್ಲಿ, ತೌರುಮನೆಯಲ್ಲಿ. ಅಪ್ಪನ ಬಟ್ಟೆ ಅಂಗಡಿಯ ವ್ಯವಹಾರವೆಲ್ಲ ಈಗ ಅವಳ ಕೈಯಲ್ಲೇ ಇತ್ತು. ಅವಳು ಅಂಗಡಿ ಬಿಟ್ಟು ಬರುವವಳಲ್ಲ, ಗುರಮ್ಮ ಹೊಲ ಬಿಟ್ಟು ಹೋಗುವವಳಲ್ಲ. ಮದುವೆಯಾದಾಗಿನಿಂದ ಕಾಂತೇಶ ಶನಿವಾರ ಎಸ್ಟಿ ಬಸ್ಸು ಹತ್ತಿ ಗಂಡನಾಗುತ್ತಿದ್ದ, ಸೋಮವಾರ ಎಸ್ಟಿ ಬಸ್ಸು ಇಳಿದು ಮಗನಾಗುತ್ತಿದ್ದ. ಇಬ್ಬರೂ 'ಯಾವಾಗ, ಯಾವಾಗ' ಎಂದು ಪೀಡಿಸತೊಡಗಿದಾಗ ಕೋರ್ಸು ನೆಪವಾಗಿ ಸಿಕ್ಕಿತು. "ಕೋರ್ಸ್ ಮುಗೀಲಿ ದೀಪಾ, ನಾನಽ ಸೋಲಾಪುರಕ್ಕ ಬಂದುಬಿಡ್ತೀನಿ" ಎಂದು ಅಲ್ಲಿ ಹೇಳಿದ. "ಕೋರ್ಸ್ ಮುಗೀಲಿ ಅವ್ವಾ, ಆಕೀನ ಇಲ್ಲಿಗೆ ಬರ್ತಾಳ" ಎಂದು ಇಲ್ಲಿ ಹೇಳಿದ. ಅತ್ತೆ ಸೊಸೆ ಹಬ್ಬಕ್ಕೊಮ್ಮೆ ಫೋನಿನಲ್ಲಿ ಕ್ಷೇಮ ಕೇಳುವುದು ಬಿಟ್ಟರೆ ಮಾತಾಡುತ್ತಿರಲಿಲ್ಲ. ಹಾಗಾಗಿ ಎರಡು ಮಾತೂ ಎರಡು ವರ್ಷ ಒಂದನ್ನೊಂದು ಕಾಣದೆ ಸುಖವಾಗಿದ್ದವು.

ಈಗ ಕೋರ್ಸೇ ಮುಗಿಯಲು ಬಂದಿತ್ತು. ಕೊನೆಯದೊಂದು ಪರೀಕ್ಷೆ ಉಳಿದಿತ್ತು: ನೇರ ವಿಡಿಯೋದಲ್ಲಿ ಪರೀಕ್ಷಕರು ನೋಡುತ್ತಿರುವಾಗ ಒಂದು ಪಾಠ ಮಾಡಿ ತೋರಿಸಬೇಕು. ಯಾರಿಗೆ ಯಾವ ಮಾದರಿ ಎಂಬುದನ್ನು ಕಂಪ್ಯೂಟರೇ ಆರಿಸುತ್ತಿತ್ತು. ಕಾಂತೇಶನ ಪಾಲಿಗೆ ಬಂದದ್ದು ವಿಚಾರಣಾ ಮಾದರಿ. ಇದರಲ್ಲಿ ಶಿಕ್ಷಕ ಒಂದು ಸೋಜಿಗ ತೋರಿಸಿ ಸುಮ್ಮನೆ ನಿಲ್ಲಬೇಕು. ಕಲಿಯುವವರು ಪ್ರಶ್ನೆ ಕೇಳುತ್ತ ಹೋಗಬೇಕು. ಶಿಕ್ಷಕ ಕೊಡಬಹುದಾದ ಉತ್ತರ ಎರಡೇ, ಹೌದು ಅಥವಾ ಅಲ್ಲ. ವಿವರಿಸುವಂತಿಲ್ಲ, ಜಾರಿಕೊಳ್ಳುವಂತಿಲ್ಲ, ಯಾವ ಪ್ರಶ್ನೆಯನ್ನೂ ತಡೆಯುವಂತಿಲ್ಲ. ತಡೆದರೆ ಅಲ್ಲಿಗೆ ಮುಗಿಯಿತು, ಮತ್ತೆ ಅವಕಾಶವಿಲ್ಲ. ಇಡೀ ಮಹಾರಾಷ್ಟ್ರದಲ್ಲಿ ಈ ಮಾದರಿಗೆ ಇವನಷ್ಟು ಅಯೋಗ್ಯ ಇನ್ನೊಬ್ಬ ಸಿಗುತ್ತಿರಲಿಲ್ಲ. ಕಂಪ್ಯೂಟರಿಗೆ ಅದು ಹೇಗೆ ಗೊತ್ತಾಗಬೇಕು!

ಪರೀಕ್ಷಕಿ ಉಜ್ವಲಾ ಮೇಡಂ ಪುಣೆಯವರು. ಅವರಿಗೆ ಕನ್ನಡ ಬಾರದು. ಕನ್ನಡ ಶಾಲೆಯವರು ಎರಡೂ ಭಾಷೆ ಬಲ್ಲ ದುಭಾಷಿಯನ್ನು ತಾವೇ ಗೊತ್ತುಮಾಡಿಕೊಳ್ಳಬೇಕಿತ್ತು. ನವಿ ಪೇಠದ ಮಗಳಿಗೆ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ದೀಪಾಲಿಯೇ ಒಪ್ಪಿದ್ದಳು. "ನಿಮ್ಮ ಪರೀಕ್ಷಾ ಅಂದ್ರ ನಂದೂ ಪರೀಕ್ಷಾನೇ ಅಲ್ಲೇನ್ರಿ? ಇದೊಂದು ಮುಗದ್ರ ನೀವು ಇಲ್ಲೇ ಬಂದಂಗ" ಎಂದು ನಕ್ಕಿದ್ದಳು. ಆ ನಗು ನೆನೆದು ಕಾಂತೇಶ ಬೆಳಿಗ್ಗೆಯಿಂದ ಪಾಠವನ್ನೇ ಹಾಡಿನಂತೆ ಗುನುಗುತ್ತಿದ್ದ, ಟ್ರ್ಯಾಕ್ಟರು ಹೋಗುವವರೆಗೆ.

ಈಗ ಹಾಡು ನಿಂತಿತ್ತು. ನಿಯಮದ ಹಾಳೆಯನ್ನು ಫೋನಿನಲ್ಲಿ ಮೇಲೆ ಕೆಳಗೆ ಸರಿಸಿ ನೋಡಿದ. 'ಕನಿಷ್ಠ ಎಂಟು ಜನ ಕಲಿಯುವವರು' ಎಂದಿತ್ತೇ ಹೊರತು ಅವರ ವಯಸ್ಸಿನ ಮಾತೇ ಇರಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು.

ಬಸಣ್ಣನ ಹಿಟ್ಟಿನ ಗಿರಣಿಗೆ ಓಡಿದ. ಕರೆಂಟು ಹೋಗಿತ್ತು. ಜೋಳದ ಡಬ್ಬಿ ಹಿಡಿದು ಕಾಯುತ್ತ ಕೂತ ಐದಾರು ಮಂದಿ ಇದ್ದರು. "ಒಂದು ಅರ್ಧಾ ತಾಸು ಸಾಲಿಗೆ ಬರ್ರಿ, ನಿಮ್ಮ ಪುಣ್ಯಾ ಬರ್ತದ" ಎಂದು ಕಾಂತೇಶ ಕೈಮುಗಿದ. ಕರೆಂಟಿಲ್ಲದ ಊರಲ್ಲಿ ಯಾವ ಕರೆಗೂ ಜನ ಬರುತ್ತಾರೆ. ಗಿರಣಿ ಬಸಣ್ಣ ಹಿಟ್ಟು ಮೆತ್ತಿದ ಹುಬ್ಬಿನಲ್ಲೇ ಹೊರಟ. ದಾರಿಯಲ್ಲಿ ಶಿವಶರಣಪ್ಪ ಕಾಕಾ ಸಿಕ್ಕರು. ಇವರು ಊರಿನ ಪಂಚಾಯ್ತಿಗಳಲ್ಲಿ ನ್ಯಾಯ ಹೇಳಿ ಹಣ್ಣಾದವರು. ನಿಯಮ ಎಂದರೆ ಪ್ರಾಣ. ತುಳಜಾಬಾಯಿಯನ್ನು ಯಾರೂ ಕರೆಯಲಿಲ್ಲ, ಅವಳು ಎಲ್ಲರಿಗಿಂತ ಮುಂಚೆ ಶಾಲೆಯಲ್ಲಿದ್ದಳು. ಪಕ್ಕದಲ್ಲಿ ಗುರಮ್ಮ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು.

"ಅವ್ವಾ, ನೀ ಯಾಕ?"

"ಯಾಕ ಅಂದ್ರ? ನನ್ನ ಮಗನ ಪರೀಕ್ಷಾ. ನೀ ಪಾಸಾದ್ರ ಸೊಸಿ ಮನೀಗ ಬರ್ತಾಳ. ನಾ ಬರಲ್ದಂಗ ಯಾರು ಬರಬೇಕು?"

ಒಂದೇ ವಿಡಿಯೋದ ಈ ತುದಿಗೆ ಅವ್ವ, ಆ ತುದಿಗೆ ಹೆಂಡತಿ! ಆದರೆ ಪಾಠ ನೀರಿನದು, ಲೋಟದ್ದು. ಅದರಲ್ಲಿ ಮನೆಯ ಮಾತು ಎಲ್ಲಿಂದ ಬರಬೇಕು ಎಂದು ಕಾಂತೇಶ ಧೈರ್ಯ ತಂದುಕೊಂಡ. ಮುನ್ನೆಚ್ಚರಿಕೆಗೆ ಕಿವಿಗೆ ಇಯರ್‌ಬಡ್ ಸಿಕ್ಕಿಸಿದ. ಮೇಡಂ ಮತ್ತು ದೀಪಾಲಿಯ ದನಿ ತನಗೊಬ್ಬನಿಗೇ ಕೇಳಲಿ ಎಂಬ ಉಪಾಯ. ಫೋನನ್ನು ಕರಿಹಲಗೆಯ ಪಕ್ಕದ ಕಿಟಕಿಯ ಸರಳಿಗೆ ಕಟ್ಟಿದ. ಅಷ್ಟು ಸಣ್ಣ ಪರದೆಯಲ್ಲಿ ಯಾರಿದ್ದಾರೆಂಬುದು ನೆಲದ ಮೇಲೆ ಕೂತವರಿಗೆ ಕಾಣುತ್ತಿರಲಿಲ್ಲ.

"ನಿಯಮ ಕೇಳ್ರಿ," ಎಂದ. "ನಾ ಒಂದು ಸೋಜಿಗ ತೋರಿಸ್ತೀನಿ. ನೀವು ಪ್ರಶ್ನಿ ಕೇಳಬೇಕು. ಯಾಕ, ಹ್ಯಾಂಗ ಅಂತ ಕೇಳಂಗಿಲ್ಲ. ಹೌದು ಇಲ್ಲಾ ಅಲ್ಲ, ಇಷ್ಟರಾಗ ಉತ್ತರ ಬರೂವಂಥಾದ್ದು ಕೇಳ್ರಿ."

"ನೀ ಖರೇ ಹೇಳಬೇಕೋ, ಸುಳ್ಳೂ ಹೇಳಬಹುದೋ?" ಎಂದರು ಕಾಕಾ.

"ಖರೇನ ಹೇಳಬೇಕು ಕಾಕಾ."

"ನೋಡೂಣ್ರಿ ಅಂತ ಅನಬಹುದೇನು?" ಇದು ತುಳಜಾಬಾಯಿ.

"ಅನ್ನಂಗಿಲ್ಲ."

"ಪ್ರಶ್ನಿ ಬ್ಯಾಡಾದ್ರ ಬಾಯಿ ಮುಚ್ಚ ಅಂತ?"

"ಅದೂ ಅನ್ನಂಗಿಲ್ಲ. ಯಾರನ್ನೂ ತಡದ್ರ ನಾ ಫೇಲ್."

ತುಳಜಾಬಾಯಿ ಕಾಲು ಮಡಚಿ ನೆಟ್ಟಗೆ ಕೂತಳು. ಎರಡು ವರ್ಷದಿಂದ ಅವಳು ಕೇಳಿದ ಒಂದು ಪ್ರಶ್ನೆಗೂ ಈ ಹುಡುಗ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ. ಅವಳ ಮುಖದ ಮೇಲೆ ಮೂಡಿದ ಬೆಳಕನ್ನು ಕಾಂತೇಶ ವಿದ್ಯಾದಾಹ ಎಂದು ತಪ್ಪು ತಿಳಿದ.

ಹನ್ನೊಂದಕ್ಕೆ ಪರದೆಯ ಮೇಲೆ ಉಜ್ವಲಾ ಮೇಡಂ ಬಂದರು, ಕನ್ನಡಕ ಮೂಗಿನ ತುದಿಯಲ್ಲಿ. ಮೂಲೆಯ ಪುಟ್ಟ ಚೌಕದಲ್ಲಿ ದೀಪಾಲಿ. "ಪ್ರೌಢ ವಿದ್ಯಾರ್ಥೀ? ವ್ವಾ!" ಎಂದು ಮೇಡಂ ಹುಬ್ಬೇರಿಸಿದರು. ಸುರುವಾತ್ ಕರಾ, ಶುರು ಮಾಡಿ ಎಂದರು.

ಕಾಂತೇಶ ಲೋಟದ ತುಂಬ ನೀರು ತುಂಬಿ, ಬಾಯಿಗೆ ಒಂದು ಲಗ್ನಪತ್ರಿಕೆ ಮುಚ್ಚಿ, ಅಂಗೈ ಒತ್ತಿ ಬೋರಲು ಹಾಕಿದ. ಮೆಲ್ಲಗೆ ಕೈ ತೆಗೆದ. ತೆಳು ಪತ್ರಿಕೆ ಮೆತ್ತಗಾಗಿ ಮಡಚಿಕೊಂಡು, ಅಷ್ಟೂ ನೀರು ಕಾಕಾರ ಇಸ್ತ್ರಿ ಮಾಡಿದ ಧೋತರದ ಮೇಲೆ ಬಿತ್ತು.

"ಸೋಜಿಗ ಇದೇನು?" ಎಂದರು ಕಾಕಾ.

"ಅಲ್ಲ!"

"ನೋಡ್ರಿ, ಅಲ್ಲ ಅಂದ! ಮಾಸ್ತರ ಅಲ್ಲ ಅಂದ!" ಎಂದು ಬಸಣ್ಣ ಚಪ್ಪಾಳೆ ತಟ್ಟಿದ. ಊರಿಗೆ ಅದೇ ದೊಡ್ಡ ಸೋಜಿಗವಾಗಿತ್ತು.

ಎರಡನೆಯ ಸಲ ಸೀಮೆಸುಣ್ಣದ ಡಬ್ಬಿಯ ದಪ್ಪ ರಟ್ಟು ಹರಿದು ಮುಚ್ಚಿದ. ಈ ಸಲ ಕೈ ತೆಗೆದರೂ ನೀರು ಬೀಳಲಿಲ್ಲ. ಲೋಟ ತಲೆಕೆಳಗಾಗಿ, ರಟ್ಟು ಅಂಟಿಕೊಂಡು, ನೀರು ನಿಂತಲ್ಲೇ ನಿಂತಿತು. ಗಿರಣಿಯ ಮಂದಿ ಬಾಯಿ ತೆರೆದರು.

"ಹಿಟ್ಟಿನ ಅಂಟು ಹಚ್ಚೀರೇನ್ರಿ?" ಎಂದ ಬಸಣ್ಣ.

"ಅಲ್ಲ." ಕಿವಿಯಲ್ಲಿ ದೀಪಾಲಿಯ ಮರಾಠಿ ಜುಳುಜುಳು ಹರಿಯಿತು. ಮೇಡಂ ತಲೆದೂಗಿದರು.

"ಮಂತ್ರಾ ಹಾಕೀಯೇನು?" ಎಂದರು ಕಾಕಾ.

"ಅಲ್ಲ."

ಎಲ್ಲ ಸರಿಯಾಗಿಯೇ ನಡೆದಿತ್ತು. ಕಾಂತೇಶನಿಗೆ ಮೂರು ಸಲ ಅಲ್ಲ ಎಂದ ಹುರುಪಿಗೆ ಎದೆ ಒಂದು ಅಂಗುಲ ಉಬ್ಬಿತ್ತು. ಆಗ ತುಳಜಾಬಾಯಿ ಗಂಟಲು ಸರಿಮಾಡಿಕೊಂಡಳು.

"ಕಾಂತೇಶಾ, ಈ ಕೋರ್ಸ್ ಮುಗದ ಕೂಡ್ಲೆ ದೀಪಾಲಿ ಕರಜಗಿಗೆ ಬಂದು ಇರ್ತಾಳ ಅಂತ ನಿಮ್ಮ ಅವ್ವಗ ನೀ ಹೇಳೀದೇನು?"

ಕಾಂತೇಶನಿಗೆ ತನ್ನ ಕಿವಿಯ ಮೇಲೆ ನಂಬಿಕೆಯಾಗಲಿಲ್ಲ. ಪರದೆಯತ್ತ ನೋಡಿದ. ಮೂಲೆಯ ಚೌಕದಲ್ಲಿ ದೀಪಾಲಿಯ ಮುಖ ಕಲ್ಲಾಗಿತ್ತು. "ಕಾಯ್ ವಿಚಾರಲಂ ತ್ಯಾಂನೀ?" ಏನು ಕೇಳಿದರು ಅವರು ಎಂದು ಮೇಡಂ ಕೇಳುತ್ತಿದ್ದರು.

ದೀಪಾಲಿ ಎಲ್ಲ ಹೇಳಿಬಿಡುತ್ತಾಳೆ, ನನ್ನ ಮರ್ಯಾದೆ ಪುಣೆಯವರೆಗೂ ಹೋಯಿತು, ಎಂದು ಕಾಂತೇಶ ಕಣ್ಣು ಮುಚ್ಚಿದ. ಆಗ ಕಿವಿಯಲ್ಲಿ ಅವಳ ದನಿ ಬಂತು. ಮರಾಠಿಯಲ್ಲಿ, ಸಮಾಧಾನವಾಗಿ ಅವಳು ಹೇಳಿದ್ದಿಷ್ಟು: "ಆ ತಾಯಿ ಕೇಳ್ತಿದಾರೆ, ರಟ್ಟನ್ನು ಕೆಳಗಿನಿಂದ ಏನಾದರೂ ಒತ್ತಿ ಹಿಡಿದಿದೆಯೇ ಅಂತ."

ಕಾಂತೇಶ ಕಣ್ಣು ತೆರೆದ. ಈ ಪಾಠವನ್ನು ಅವನು ನವಿ ಪೇಠದ ಮನೆಯಲ್ಲಿ ಅವಳ ಮುಂದೆ ಎಷ್ಟೋ ಸಲ ಒಪ್ಪಿಸಿದ್ದ, ಅವಳ ಸೋಫಾ ಅಷ್ಟೂ ಸಲ ತೊಯ್ದಿತ್ತು. ಯಾವ ಪ್ರಶ್ನೆ ಬರಬೇಕು ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಅಯ್ಯೋ ನನ್ನ ದೇವತೆಯೇ ಎಂದುಕೊಂಡ. ಆದರೆ ದೇವತೆ ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದಳು, ಉತ್ತರಕ್ಕಾಗಿ.

"ಅದು... ನೋಡೂ—"

ಮೇಡಂ ಬೆರಳೆತ್ತಿದರು. ಕಾಕಾರೂ ಬೆರಳೆತ್ತಿದರು. "ನಿಯಮಾ!"

ಮಾತು ಕೊಟ್ಟದ್ದಕ್ಕೆ ಸಾಕ್ಷಿಯಾದ ಅವ್ವ ಎದುರಿಗೇ ಕೂತಿದ್ದಳು. ಸುಳ್ಳು ಹೇಳಲು ಜಾಗವೇ ಇರಲಿಲ್ಲ.

"ಹೌದು," ಎಂದ.

ಗುರಮ್ಮ ಹೆಮ್ಮೆಯಿಂದ ಎಲ್ಲರ ಮುಖ ನೋಡಿದಳು. "ಹೋಯ್" ಎಂದು ದೀಪಾಲಿ ಮರಾಠಿಯಲ್ಲಿ ಹೇಳಿದಳು. ಅಷ್ಟು ತಣ್ಣಗಿನ 'ಹೌದ'ನ್ನು ಕಾಂತೇಶ ಯಾವ ಭಾಷೆಯಲ್ಲೂ ಕೇಳಿರಲಿಲ್ಲ.

ಅಷ್ಟಕ್ಕೇ ನಿಲ್ಲಬಾರದೇ? ಬಸಣ್ಣ ಎದ್ದು ನಿಂತ. "ತಡೀರಿ, ಇದರಾಗ ಏನೋ ಚೂಕ ಆಗ್ಯದ. ಹ್ವಾದ ವಾರ ಚಾದರಾ ತರಾಕ ನಾ ನವಿ ಪೇಠಕ್ಕ ಹೋಗಿದ್ದೆ. ಮಾಸ್ತರ್ರ ಮಾವನ ಅಂಗಡ್ಯಾಗ ಚಾ ಕೊಟ್ರು. ಚಾ ಕುಡ್ಯಾಕತ್ತಾಗ ಅವ್ರು ನನಗ..."

"ಬಸಣ್ಣಾ, ಕತಿ ಹೇಳಬ್ಯಾಡ. ಪ್ರಶ್ನಿ ಕೇಳು," ಎಂದರು ಕಾಕಾ.

"ಕೇಳ್ತೀನ್ರಿ. ಮಾಸ್ತರ, ಅಳ್ಯಾಂದ್ರು ದೀಪಾವಳಿಗೆ ಕರಜಗಿ ಬಿಟ್ಟು ಸೋಲಾಪುರಕ್ಕ ಬಂದು ಇರ್ತಾರ ಅಂತ ನಿಮ್ಮ ಮಾವ ಊರೆಲ್ಲಾ ಹೇಳಾಕತ್ತಾರಲ್ಲ, ಹಂಗಂತ ಅವರಿಗೆ ಮಾತು ಕೊಟ್ಟಾವ್ರು ನೀವೇನು?"

ಈ ಸಲ ಮಾತಿಗೆ ಸಾಕ್ಷಿ ಪರದೆಯ ಮೂಲೆಯಲ್ಲಿದ್ದಳು. ಅವಳು ಮರಾಠಿಯಲ್ಲಿ ಹೇಳಿದಳು: "ಕೆಳಗಿನಿಂದ ಒತ್ತುವ ಆ ವಸ್ತು ಕಣ್ಣಿಗೆ ಕಾಣದ್ದೇ, ಅಂತ ಕೇಳ್ತಿದಾರೆ."

"ಹೌದು," ಎಂದ ಕಾಂತೇಶ. ದನಿ ಬಾವಿಯೊಳಗಿಂದ ಬಂದಂತಿತ್ತು.

"ಅಪ್ರತಿಮ!" ಎಂದು ಮೇಡಂ ಕುರ್ಚಿಯ ತುದಿಗೆ ಬಂದರು.

ಗುರಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಹೊಲದಲ್ಲಿ ಹಾವು ಕಂಡರೂ ಕುಡುಗೋಲು ಬಿಡದ ಹೆಂಗಸು, ಈಗ ಸೆರಗು ಜಾರಿದ್ದನ್ನೂ ನೋಡಲಿಲ್ಲ. "ಎರಡೂ ಹೌದು ಅಂದ್ರ ಹ್ಯಾಂಗೋ ಕಾಂತ್ಯಾ?" ಎಂದಳು.

"ಗುರವ್ವಾ, ಹ್ಯಾಂಗ ಅನ್ನಂಗಿಲ್ಲ," ಎಂದರು ಕಾಕಾ. ಅವರ ದನಿಯೂ ಸಣ್ಣದಾಗಿತ್ತು. "ಹೌದು-ಅಲ್ಲದಾಗ ಕೇಳು."

ಗುರಮ್ಮ ಮಗನ ಕಡೆ ತಿರುಗಿದಳು. "ನೀ ನನಗ ಸುಳ್ಳು ಹೇಳೀದೇನು?"

"ಅದು ಗಾಳಿಯೇ, ಅಂತ ಕೇಳ್ತಿದಾರೆ," ಎಂದಳು ಕಿವಿಯಲ್ಲಿ ದೀಪಾಲಿ.

"ಹೌದು."

"ಆ ಹುಡುಗಿಗೂ ಸುಳ್ಳು ಹೇಳೀದೇನು?"

"ಗಾಳಿ ಎಲ್ಲ ದಿಕ್ಕಿನಿಂದಲೂ ಒತ್ತುತ್ತದೆಯೇ, ಅಂತ." ದೀಪಾಲಿಯ ದನಿ ಇಲ್ಲಿ ತುಸು ಬಿರುಕು ಬಿಟ್ಟಿತು.

"ಹೌದು."

"ಇದರಾಗ ಆಕೀದೇನರ ತಪ್ಪು ಅದ ಏನೋ?"

"ಲೋಟದೊಳಗೆ ನೀರನ್ನು ಎಳೆದು ಹಿಡಿದದ್ದು ಏನಾದರೂ ಇದೆಯೇ, ಅಂತ."

"ಇಲ್ಲ ಅವ್ವಾ, ಇಲ್ಲ!" ಕಾಂತೇಶ ಇದನ್ನು ಬೇಕಾದದ್ದಕ್ಕಿಂತ ಜೋರಾಗಿ ಹೇಳಿದ. ಎಂಥ ಮನಮುಟ್ಟುವ ಶಿಕ್ಷಕ ಎಂದು ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಖರೇ ಹೇಳಿದ್ರ ನಾವಿಬ್ರೂ ಅಳ್ತೀವಂತ ಹೆದರಿ ಹಿಂಗ ಮಾಡೀದೇನು?"

ದೀಪಾಲಿ ಇದನ್ನು ಅನುವಾದಿಸಲು ಬಹಳ ಹೊತ್ತು ತೆಗೆದುಕೊಂಡಳು. ಕೊನೆಗೆ, "ಒಳಗೆ ಗಾಳಿ ನುಗ್ಗಿದ ಕೂಡಲೇ ಎಲ್ಲ ಬಿದ್ದುಹೋಗುತ್ತದೆಯೇ, ಅಂತ ಕೇಳ್ತಿದಾ—" ಎಂದು ಅರ್ಧಕ್ಕೇ ನಿಲ್ಲಿಸಿದಳು.

ಕಾಂತೇಶನ ಕಣ್ಣಲ್ಲಿ ನೀರು ಬಂದುಬಿಟ್ಟಿತು. "ಹೌದು ಅವ್ವಾ."

ಇನ್ನು ಮುಗಿಯಿತು ಎಂದುಕೊಂಡರೆ ಕಾಕಾ ಕೈಯೆತ್ತಿದರು. ಪಂಚಾಯ್ತಿಯಲ್ಲಿ ಕೊನೆಯ ಮಾತು ಯಾವಾಗಲೂ ಅವರದೇ. "ಆತಪಾ, ಆದದ್ದು ಆತು. ಈಗ ನೆಟ್ಟಗ ಹೇಳು. ನೀ ಸೋಲಾಪುರಕ್ಕ ಹೋಗ್ತೀಯೇನು?"

ಕಾಂತೇಶ ಬಾಯಿ ತೆರೆದ. ಎದುರಿಗೆ ಅವ್ವನ ಎರಡು ಕಣ್ಣು, ಪರದೆಯಲ್ಲಿ ಹೆಂಡತಿಯ ಎರಡು ಕಣ್ಣು. ಹೌದು ಎನ್ನಲು ಹೋದರೆ ಈ ಕಡೆ ಎಳೆಯಿತು, ಅಲ್ಲ ಎನ್ನಲು ಹೋದರೆ ಆ ಕಡೆ ಎಳೆಯಿತು. ನಿಜ ಏನೆಂಬುದು ಅವನಿಗೇ ಗೊತ್ತಿರಲಿಲ್ಲ, ಅದು ಅವನಿಗೆ ತಿಳಿದದ್ದೂ ಆಗಲೇ. ಕೈ ಸೋತು ಲೋಟ ವಾಲಿತು, ರಟ್ಟು ಜಾರಿತು. ಕಾಕಾರ ಧೋತರಕ್ಕೆ ಎರಡನೆಯ ಸಲ ಸ್ನಾನವಾಯಿತು.

"ಶಿಕ್ಷಕರು ಈಗ ಉತ್ತರ ಕೊಡೋದಿಲ್ಲ," ಎಂದು ಕಿವಿಯಲ್ಲಿ ದೀಪಾಲಿ ಮರಾಠಿಯಲ್ಲಿ ಹೇಳುತ್ತಿದ್ದಳು. "ತೀರ್ಮಾನ ಕಲಿಯುವವರೇ ಮಾಡಲಿ ಅಂತ ಬಿಟ್ಟುಕೊಟ್ಟಿದಾರೆ."

ಮೇಡಂ ಎದ್ದು ನಿಂತೇ ಚಪ್ಪಾಳೆ ತಟ್ಟಿದರು. ಹೀಗೆ ತಟ್ಟುವುದನ್ನು ಕಾಂತೇಶ ಎರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಹಳ್ಳಿಯ ಹೆಂಗಸರು, ಹಿಟ್ಟಿನ ಗಿರಣಿಯವರು, ಒಂದೊಂದೇ ಪ್ರಶ್ನೆ ಹಾಕುತ್ತ ಗಾಳಿಯ ಒತ್ತಡದವರೆಗೆ ತಾವಾಗಿಯೇ ನಡೆದು ಬಂದರಲ್ಲ, ಆ ಅಜ್ಜಿ ಅಂತೂ ಕಣ್ಣೀರು ಹಾಕುತ್ತ ಕಲಿತರಲ್ಲ, ಇಷ್ಟು ವರ್ಷ ಪಾಠ ಮಾಡಿದರೂ ನಾನೇ ಇಂಥದ್ದನ್ನು ಕಂಡಿಲ್ಲ ಎಂದರು. ಕಾಂತೇಶನ ಎದೆಯ ಮೇಲಿನ ಕಲ್ಲು ಸರಿಯಿತು. ಮನೆ ಮುಳುಗಿದರೂ ಕೋರ್ಸು ದಡ ಸೇರಿತಲ್ಲ! ಪ್ರಮಾಣಪತ್ರ ಕೈಯಲ್ಲಿದ್ದರೆ ಇಬ್ಬರ ಕಾಲನ್ನೂ ಹಿಡಿಯಬಹುದು.

"ಆದರೆ," ಎಂದರು ಮೇಡಂ.

ಆ 'ಪಣ್' ಎಂಬ ಸಣ್ಣ ಮರಾಠಿ ಮಾತಿಗೆ ಕಾಂತೇಶ ಫೋನಿನ ಹತ್ತಿರ ಸರಿದ.

ಇಷ್ಟು ಒಳ್ಳೆಯ ಪಾಠ ಎಂದು ಬರಿ ಬಾಯಲ್ಲಿ ಹೇಳಿದರೆ ನಮ್ಮ ಸಮಿತಿ ನಂಬುವುದಿಲ್ಲ ಎಂದರು ಮೇಡಂ. ಮುಂದಿನ ಭಾನುವಾರ ಸಮಿತಿಯವರೆಲ್ಲ ಕರಜಗಿಗೇ ಬರುತ್ತಾರೆ. ಇದೇ ಪಾಠ, ಇದೇ ಕಲಿಯುವವರು. ಕ್ಯಾಮೆರಾದವರೂ ಇರುತ್ತಾರೆ, ಮುಂದೆ ಎಲ್ಲ ಜಿಲ್ಲೆಯ ಶಿಕ್ಷಕರಿಗೂ ತೋರಿಸಲಾಗುವುದು. ಅದನ್ನು ನೋಡಿದ ಮೇಲೆಯೇ ಪ್ರಮಾಣಪತ್ರ. "ದುಭಾಷಿಯ ತೊಂದರೆಯೂ ಇಲ್ಲ," ಎಂದು ನಕ್ಕರು. ಸಮಿತಿಗೆ ಹೊಸದಾಗಿ ಸೇರಿದ ಒಬ್ಬರು ಅಕ್ಕಲಕೋಟದವರಂತೆ, ಮನೆಯಲ್ಲಿ ಆಡುವುದು ಕನ್ನಡವೇ ಅಂತೆ. ಒಂದೊಂದು ಅಕ್ಷರವನ್ನೂ ಅವರೇ ಬಿಡಿಸಿ ಹೇಳುತ್ತಾರಂತೆ. "ಅಭಿನಂದನ್, ಸರ್!" ಎಂದು ಮೇಡಂ ಮಾಯವಾದರು.

ಕಾಂತೇಶ ಗರಬಡಿದವನಂತೆ ನಿಂತ. ಬೆವರಿಗೆ ಕಿವಿಯ ಇಯರ್‌ಬಡ್ ಜಾರುತ್ತಿತ್ತು, ಕಿತ್ತು ಡಬ್ಬಿಗೆ ಹಾಕಿದ. ದನಿ ಈಗ ಫೋನಿನಿಂದಲೇ ಬರುತ್ತದೆ, ಮೂಲೆಯ ಚೌಕ ಇನ್ನೂ ಆರಿಲ್ಲ ಎಂಬುದು ಅವನ ಲಕ್ಷ್ಯದಲ್ಲಿರಲಿಲ್ಲ.

"ಅಂದಂಗ, ನೀರು ಯಾಕ ಬೀಳಲಿಲ್ರೀ?" ಎಂದು ಬಸಣ್ಣ ಪಕ್ಕದವರನ್ನು ಕೇಳಿದ.

"ಯಾಕ ಅನ್ನಂಗಿಲ್ಲ," ಎಂದರು ಕಾಕಾ, ಧೋತರ ಹಿಂಡುತ್ತ.

ಆಗ ಕಿಟಕಿಯ ಸರಳಿನಿಂದ ಇಡೀ ಶಾಲೆಗೆ ಕೇಳುವಂತೆ ಒಂದು ಹೆಣ್ಣುದನಿ ಬಂತು. "ರೀ."

ತುಳಜಾಬಾಯಿ "ಯಪ್ಪಾ!" ಎಂದು ಎದೆ ಹಿಡಿದುಕೊಂಡಳು. ಗುರಮ್ಮ ತಿರುಗಿ ನೋಡಿದಳು. "ದೀಪಾಲಿ? ನೀ ಮೊದಲಿನಿಂದ ಇದರಾಗ ಇದ್ದೇನವ್ವಾ?"

"ಹೌದ್ರಿ ಅತ್ತಿ. ಎಲ್ಲಾ ಕೇಳೀನಿ."

"ದೀಪಾ, ನೀ ನನ್ನ ಉಳಿಸಿದಿ," ಎಂದು ಕಾಂತೇಶ ಫೋನಿಗೇ ಕೈಮುಗಿದ. "ಇಲ್ಲಂದ್ರ ಇವತ್ತ ಮ್ಯಾಡಂ ಮುಂದ..."

"ನಿಮ್ಮನ್ನ ಉಳಿಸಿಲ್ರಿ. ನಮ್ಮ ಮನಿ ಮಾತು ಪುಣೆ ಮಂದಿ ಬಾಯಾಗ ಯಾಕ ಅಂತ ಮುಚ್ಚಿಟ್ಟೆ. ಸುಳ್ಳು ಹೇಳೂದು ನಿಮ್ಮ ಕಡಿಂದ ಕಲ್ತಂಗಾತು, ಅಷ್ಟಽ." ಅವಳು ಮೂಗು ಒರೆಸಿಕೊಂಡಳು. "ಇರ್ಲಿ. ಮುಂದಿನ ಐತವಾರ ನಾನೂ ಕರಜಗಿಗೆ ಬರ್ತೀನಿ."

ಕಾಂತೇಶನ ಮುಖ ಅರಳಿತು. ಕೊನೆಗೂ ಹೆಂಡತಿ ತಾನಾಗಿ ಊರಿಗೆ ಬರುತ್ತೇನೆ ಎಂದಳು! "ಬಾ ದೀಪಾ, ಬಾ. ಖರೇ ಅಂದ್ರ ದುಭಾಷಿ ಬ್ಯಾಡ ಅಂದ್ರು ಮ್ಯಾಡಂ. ಆದ್ರೂ ನಾ ಅವರಿಗೆ ಹೇಳಿ ಹ್ಯಾಂಗರ ಮಾಡಿ..."

"ದುಭಾಷಿ ಆಗಿ ಯಾರು ಬರಾಕತ್ಯಾರ? ವಿದ್ಯಾರ್ಥಿ ಆಗಿ ಬರ್ತೀನಿ. ಅತ್ತಿ ಬಾಜೂಕ ನೆಲದ ಮ್ಯಾಲ ಕೂಡ್ತೀನಿ. ನೀವು ಯಾರನ್ನೂ ತಡೆಯಂಗಿಲ್ಲ ಹೌದಿಲ್ಲೋ? ಕ್ಯಾಮೆರಾ ಮುಂದ, ಆ ಅಕ್ಕಲಕೋಟದ ಸಾಹೇಬ್ರ ಮುಂದ, ನಂದೂ ಒಂದಿಷ್ಟು ಹೌದು-ಅಲ್ಲ ಅದಾವ."

ಅತ್ತೆ ಸೊಸೆ ಮದುವೆಯಾದಾಗಿನಿಂದ ಒಂದು ಮಾತಿಗೂ ಒಪ್ಪಿದವರಲ್ಲ. ಲಗ್ನದ ಸೀರೆಯ ಬಣ್ಣಕ್ಕೂ ಒಪ್ಪಿರಲಿಲ್ಲ. ಕಾಂತೇಶ ಆಸೆಯಿಂದ ಅವ್ವನ ಮುಖ ನೋಡಿದ, ಅವಳಾದರೂ ಬೇಡ ಎಂದಾಳು ಎಂದು. ಗುರಮ್ಮ ಮೊಣಕಾಲಿಗೆ ಕೈಯೂರಿ ಎದ್ದು, ಮಗನನ್ನು ಪಕ್ಕಕ್ಕೆ ಸರಿಸಿ, ಕಿಟಕಿಯ ಹತ್ತಿರ ಹೋಗಿ ಫೋನಿನೊಳಗೆ ಇಣುಕಿದಳು.

"ಶನಿವಾರನ ಬಂದುಬಿಡು ನನ್ನವ್ವಾ," ಎಂದಳು. "ಇಬ್ರೂ ಕೂತು ಪ್ರಶ್ನಿ ಹಂಚಿಕೊಳ್ಳೂಣು. ನಂದು ಇನ್ನೂ ಭಾಳ ಉಳದಾವ."